ದಿಂಕಾ ನಂಬಿದ ಕರಿ ಬಳ್ಳಿ

ನಮ್ಮ ದ್ವೀಪದ ಲುಂಬಾರ್ದಾದಲ್ಲಿ ದಿಂಕಾಳಷ್ಟು ಹೊಟ್ಟೆಕಿಚ್ಚು ಹುಟ್ಟಿಸುವ ಹೆಂಗಸು ಇನ್ನೊಬ್ಬಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀಕಾ ಮುಚ್ಚಿಟ್ಟಳು ಅನ್ನಬೇಡಿ. ಮುಚ್ಚಿಟ್ಟ ಪಾಪ ನನ್ನ ಪಾಲಿಗೆ ಈಗಾಗಲೇ ಒಂದಿದೆ, ಅದೇ ಸಾಕು.

ಅವಳು ದ್ವೀಪದವಳಲ್ಲ. ಇಮೋತ್ಸ್ಕಿಯ ಆಚೆ, ಕಲ್ಲು ಬಿಟ್ಟರೆ ಹಾವು, ಹಾವು ಬಿಟ್ಟರೆ ಕಲ್ಲು ಅನ್ನುವಂಥ ಬೆಟ್ಟದೂರಿನಿಂದ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಲೊವ್ರೆಯ ಕೈ ಹಿಡಿದು ಬಂದಳು. ದೋಣಿಯಿಂದ ಇಳಿಯುವಾಗ ವಾಂತಿ ಮಾಡಿಕೊಂಡು ಮುಖ ಸುಣ್ಣವಾಗಿತ್ತು. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ತವರಿನವರು ಹೊಗೆಗೆ ಕಟ್ಟಿ ಒಣಗಿಸಿದ ಹಂದಿತೊಡೆ. ದಡದಲ್ಲಿ ನಿಂತಿದ್ದ ನಾವೆಲ್ಲ ನಕ್ಕೆವು. ಬೇಸಿಗೆ ಮುಗಿಯುವಷ್ಟರಲ್ಲಿ ಓಡಿಹೋಗುತ್ತಾಳೆ ಅಂತ ನಾನು ನನ್ನ ಗಂಡ ರೋಕೊ ಜತೆ ಪಂದ್ಯ ಕಟ್ಟಿದೆ. ಮೂವತ್ತೆರಡು ವರ್ಷವಾಯಿತು, ಅವಳು ಇಲ್ಲೇ ಇದ್ದಾಳೆ. ಓಡಿಹೋಗಿದ್ದು ಲೊವ್ರೆ. ಓಡಿಹೋಗಿದ್ದು ಅಂದರೆ ಹಡಗಿಗೆ. ತೈಲದ ಹಡಗಿನ ಇಂಜಿನ್ ಕೋಣೆಯಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಬೇಯುತ್ತಾನೆ, ಮೂರು ತಿಂಗಳು ಮನೆಯಲ್ಲಿ ನಿದ್ದೆ ಮಾಡುತ್ತಾನೆ.

ಹಾಗಾಗಿ ದ್ರಾಕ್ಷಿತೋಟ ದಿಂಕಾಳ ಕೊರಳಿಗೆ ಬಿತ್ತು. ಅವಳ ಮಾವ ಮಾರಿನ್ ಅವಳಿಗೆ ಬಳ್ಳಿ ಸವರುವುದನ್ನು ಕಲಿಸಿದರು. ಊರಿನ ಹಿರಿಯರನ್ನೆಲ್ಲ ಕರೆಯುವ ಹಾಗೆ ಅವರನ್ನೂ ನಾವು ಬಾರ್ಬಾ ಅನ್ನುತ್ತೇವೆ. ಬಾರ್ಬಾ ಮಾರಿನ್ ಒಂದು ಸಲ ತೋರಿಸಿದ್ದನ್ನು ಎರಡನೆಯ ಸಲ ತೋರಿಸುವ ಜಾತಿಯಲ್ಲ. ದಿಂಕಾಳಿಗೂ ಎರಡನೆಯ ಸಲ ಬೇಕಾಗಲಿಲ್ಲ. ಐದು ವರ್ಷದಲ್ಲಿ ಅವಳ ಸಾಲುಗಳು ನಮ್ಮ ಸಾಲುಗಳಿಗಿಂತ ಅಚ್ಚುಕಟ್ಟಾಗಿದ್ದವು. ನನ್ನ ರೋಕೊ ಬೇಲಿಯ ಈಚೆ ನಿಂತು, ಬೆಟ್ಟದವರಿಗೆ ಬೇರೆ ಕೆಲಸ ಏನಿದೆ ಅನ್ನುತ್ತಿದ್ದ. ಅವನಿಗಂತೂ ಬೇರೆ ಕೆಲಸ ಬೇಕಾದಷ್ಟಿತ್ತು: ಮಲಗುವುದು, ಮೀನು ಹಿಡಿಯುತ್ತೇನೆಂದು ಹೋಗಿ ದೋಣಿಯಲ್ಲಿ ಮಲಗುವುದು.

ಒಂಬತ್ತು ವರ್ಷದ ಹಿಂದೆ ಅವಳು ಹೊರಗಿನವರನ್ನು ತೋಟಕ್ಕೆ ಕರೆಯುವುದಕ್ಕೆ ಶುರು ಮಾಡಿದಳು. ಮೊದಲು ಅಂಜೂರದ ಮರದ ಕೆಳಗೆ ಒಂದು ಬೆಂಚು, ಅಷ್ಟೇ. ಈಗ ಈಸ್ಟರಿನಿಂದ ಅಕ್ಟೋಬರಿನ ತನಕ ವಾರಕ್ಕೆ ಮೂರು ಸಲ ಜನ ಬರುತ್ತಾರೆ. ಬಂದವರಿಗೆ ಅವಳು ಕೂಡಲೇ ವೈನ್ ಕೊಡುವುದಿಲ್ಲ. ಮೊದಲು ಪುಟ್ಟ ಲೋಟದಲ್ಲಿ ಆಲಿವ್ ಎಣ್ಣೆ. ಅದನ್ನು ಅಂಗೈಯಲ್ಲಿಟ್ಟು ಇನ್ನೊಂದು ಅಂಗೈ ಮುಚ್ಚಿ ಬೆಚ್ಚಗೆ ಮಾಡಬೇಕು, ಆಮೇಲೆ ಹೀರಬೇಕು. ಹೀರಿದವರು ಕೆಮ್ಮುತ್ತಾರೆ. ಕೆಮ್ಮು ನಿಲ್ಲುವ ತನಕ ಇವಳು ಕೈಕಟ್ಟಿ ನಿಂತಿರುತ್ತಾಳೆ. ಆಮೇಲೆ ರೊಟ್ಟಿ, ಉಪ್ಪಿನಲ್ಲಿಟ್ಟ ಸಾರ್ಡೀನ್ ಮೀನು, ಮೇಕೆಯ ಗಿಣ್ಣು. ಅದೆಲ್ಲ ಆದ ಮೇಲೆ ಗರ್ಕ್. ನಮ್ಮ ಮರಳಿನಲ್ಲಿ ಬಿಟ್ಟರೆ ಬೇರೆಲ್ಲೂ ಸರಿಯಾಗಿ ಒಗ್ಗದ ಬಿಳಿ ದ್ರಾಕ್ಷಿಯ ವೈನ್ ಅದು. ಜನ ದೋಣಿ ಹತ್ತಿ ಬರುವುದೇ ಅದಕ್ಕೆ. ಕೊನೆಯಲ್ಲಿ ನಾನು ಹೊಸೆದ ಮಕರೋನಿ, ಮಾಂಸದ ಗೊಜ್ಜಿನ ಜತೆ. ಹೌದು, ಅಡುಗೆ ನನ್ನದು. ಒಂಬತ್ತು ವರ್ಷದಿಂದ ಅವಳ ಒಲೆಯ ಮುಂದೆ ನಿಂತಿದ್ದೇನೆ, ಅವಳ ಕೈಯ ಕಾಫಿ ಕುಡಿದಿದ್ದೇನೆ. ಅದಕ್ಕೇ ನನ್ನ ಪಾಪ ಇನ್ನೂ ದೊಡ್ಡದು.

ಗರ್ಕ್‌ನದ್ದೊಂದು ಗುಣ ಇದೆ. ಅದನ್ನು ಬಾರ್ಬಾ ಮಾರಿನ್ ಬಂದವರಿಗೆಲ್ಲ ಹೇಳುತ್ತಾರೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋದ ಮೇಲಂತೂ ದಿನಕ್ಕೆ ಎರಡು ಸಲ ಹೇಳುತ್ತಾರೆ. "ಈ ಬಿಳಿ ಬಳ್ಳಿ ಬರೀ ಹೆಣ್ಣು ಕಣ್ರಪ್ಪಾ. ಹೂವೇನೋ ಬಿಡ್ತಾಳೆ. ಒಬ್ಳೇ ಆದ್ರೆ ಕಾಯಿ ಕಟ್ಟಲ್ಲ. ಪಕ್ಕದಲ್ಲಿ ಕರಿ ದ್ರಾಕ್ಷಿ ಬಳ್ಳಿ ಇರ್ಬೇಕು, ಅದರ ಹೂವಿನ ಪುಡಿ ಗಾಳೀಲಿ ಬಂದು ಇವಳ ಮೇಲೆ ಬೀಳ್ಬೇಕು. ಇವಳು ಮನೆಯೊಡತಿ, ಅವನು ಮನೆಯಳಿಯ." ಹೆಂಗಸರು ನಗುತ್ತಾರೆ, ಗಂಡಸರು ಇನ್ನೊಂದು ಲೋಟ ಕೇಳುತ್ತಾರೆ. ಬಾರ್ಬಾ ತಮ್ಮ ಕೈಯಾರೆ ನೆಟ್ಟ ಮೂರು ಕರಿ ಸಾಲು ಅವರ ತೋಟದ ನಟ್ಟನಡುವೆ ಇದ್ದವು, ಎರಡೂ ಪಕ್ಕ ಹನ್ನೆರಡು ಹನ್ನೆರಡು ಬಿಳಿ ಸಾಲು. ನಮ್ಮ ತೋಟ ಅವರದಕ್ಕೆ ಅಂಟಿಕೊಂಡೇ ಇದೆ. ನಮ್ಮಲ್ಲೂ ಗಡಿಯ ಹತ್ತಿರ ಎರಡು ಕರಿ ಸಾಲು ಇದ್ದವು. ನಡುವೆ ಉಪ್ಪುಗಾಳಿಗೆ ಅಡ್ಡ ಹಾಕಿದ ಜೊಂಡಿನ ತಟ್ಟಿ, ಆಳೆತ್ತರಕ್ಕಿಂತ ಹೆಚ್ಚು.

ಹೋದ ಆಗಸ್ಟಿನಲ್ಲಿ ಬಿಸಿಲಿಗೆ ಒಬ್ಬಾಕೆ ಊಟದ ಮೇಜಿನ ಮೇಲೇ ಕುಸಿದುಬಿದ್ದಳು. ನೀರು ಚಿಮುಕಿಸಿದ ಮೇಲೆ ಎದ್ದು ಕೂತು ನಕ್ಕಳು, ಆದರೆ ದಿಂಕಾಳಿಗೆ ಅದು ಮನಸ್ಸಿಗೆ ಹತ್ತಿತು. ಜನರನ್ನು ಕರೆದು ಬಿಸಿಲಲ್ಲಿ ಸುಡುವುದು ಎಂಥಾ ಆತಿಥ್ಯ ಅಂತ ವಾರವಿಡೀ ಗೊಣಗಿದಳು. ಜನವರಿಯಲ್ಲಿ ಮಣ್ಣು ಅಗೆಯುವ ಯಂತ್ರ ತರಿಸಿ, ಗುಡ್ಡದ ಮೇಲಿದ್ದ ಐದು ಹಳೆಯ ಆಲಿವ್ ಮರಗಳನ್ನು ಬೇರು ಸಮೇತ ಎತ್ತಿ ನೆರಳಿಗೆಂದು ತೋಟದ ನಡುವೆ ನೆಡಿಸಿದಳು. ಆ ಜಾಗಕ್ಕೆ ಮೂರೂ ಕರಿ ಸಾಲು ಹೋದವು. ಮುದಿಯಾಗಿದ್ದವು, ಗೊಂಚಲು ಕಡಿಮೆಯಾಗಿತ್ತು, ನಿಜ. ಹೂವಿನ ಪುಡಿಗೇನು, ತಟ್ಟಿಯ ಆಚೆ ನೀಕಾಳ ಎರಡು ಸಾಲು ಇದೆಯಲ್ಲ ಅಂದುಕೊಂಡಳು. ಮಾವನಿಗೆ ನೆರಳಿಗೆ ಮರ ನೆಡಿಸುತ್ತೇನೆ ಅಂದಳು, ಸಾಲು ಕಿತ್ತದ್ದನ್ನು ಹೇಳಲಿಲ್ಲ. ಕಣ್ಣಿಲ್ಲದ ಮುದುಕನಿಗೆ ಅವರು ನೆಟ್ಟದ್ದನ್ನು ಕಿತ್ತೆ ಅಂತ ಯಾವ ಬಾಯಲ್ಲಿ ಹೇಳುವುದು?

ನನ್ನನ್ನು ಕೇಳಬಹುದಿತ್ತಲ್ಲ ಅನ್ನಬೇಡಿ. ನಮ್ಮಲ್ಲಿ ಪಕ್ಕದವರ ತೋಟದಲ್ಲಿ ಏನಿದೆ, ಎಷ್ಟಿದೆ, ಏನು ಕೀಳುತ್ತೀರಿ ಅಂತ ಕೇಳುವುದಿಲ್ಲ. ಕೇಳಿದರೆ ಕಣ್ಣು ಹಾಕಿದ ಹಾಗೆ. ನನ್ನ ಅತ್ತೆ ಅಷ್ಟು ಜಗಳಗಂಟಿ, ಅವಳೂ ಸಹ ಬದುಕಿರುವ ತನಕ ಆ ಒಂದು ಪ್ರಶ್ನೆ ಯಾರನ್ನೂ ಕೇಳಿದವಳಲ್ಲ.

ಯಂತ್ರದ ಸದ್ದು ನಮಗೂ ಕೇಳಿಸಿತ್ತು. ಮೇಜು ಹಾಕುವುದಕ್ಕೆ ಒಂದು ಸಾಲು ತೆಗೆಸಿರಬೇಕು ಅಂದ ರೋಕೊ. ಏಪ್ರಿಲ್‌ನಲ್ಲಿ ದಿಂಕಾ ಮಾವನ ಕಣ್ಣು ತೋರಿಸಲು ಸ್ಪ್ಲಿಟ್ ಪಟ್ಟಣಕ್ಕೆ ಹೋದ ವಾರ, ನನ್ನ ಗಂಡ ಜೀವಮಾನದಲ್ಲಿ ಮೊದಲ ಸಲ ಚುರುಕಾದ. ಎಲ್ಲರೂ ಬಿಳಿಯನ್ನೇ ಕೇಳುತ್ತಾರೆ, ಈ ಕರಿ ಇಟ್ಟುಕೊಂಡು ಏನು ಮಾಡಲಿ, ಅವರ ಉಳಿದ ಎರಡು ಸಾಲು ಇದ್ದೇ ಇರುತ್ತದೆ ಅಂತ, ಕಸಿ ಕಟ್ಟುವವರನ್ನು ಕರೆಸಿ ನಮ್ಮ ಎರಡೂ ಕರಿ ಸಾಲನ್ನು ಮೊಣಕಾಲೆತ್ತರಕ್ಕೆ ಕೊಯ್ಯಿಸಿ ಬಿಳಿಯ ಕಸಿ ಹಾಕಿಸಿದ. ನಾನೂ ಹೂಂ ಅಂದೆ. ನಾನು ಹೂಂ ಅಂದದ್ದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಈಸ್ಟರ್ ಆದ ಮೇಲೆ ಮೊದಲ ಗುಂಪು ಬಂದ ದಿನ ನಾನು ಅಡುಗೆಗೆ ಹೋದೆ. ಆಲಿವ್ ಮರಗಳ ಕೆಳಗೆ ಮೇಜಿಗೆ ಬಟ್ಟೆ ಹಾಸುತ್ತಾ ಸುತ್ತ ನೋಡಿದೆ. ಆಚೆ ಹನ್ನೆರಡು ಸಾಲು, ಈಚೆ ಹನ್ನೆರಡು ಸಾಲು, ನಡುವೆ ಬರೀ ಆಲಿವ್. ಕರಿ ಒಂದೂ ಇಲ್ಲ. ತಟ್ಟಿಯ ಆಚೆ ನಮ್ಮಲ್ಲೂ ಇಲ್ಲ. ದಿಂಕಾ ಹಿಂದಿನಿಂದ ಬಂದು, "ನೆರಳು ಹೇಗಿದೆ? ನಿಮ್ಮ ಸಾಲು ಇದ್ದಿದ್ದಕ್ಕೆ ಧೈರ್ಯ ಮಾಡ್ದೆ ನೀಕಾ" ಅಂದಳು. ನಾನು ಚೆನ್ನಾಗಿದೆ ಅಂದೆ. ಅಷ್ಟೇ ಅಂದೆ.

ಅವತ್ತಿನಿಂದ ಐದು ವಾರ ನನ್ನ ಬಾಳು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇವತ್ತು ಹೇಳುತ್ತೇನೆ ಅಂತ ಹೋಗುತ್ತಿದ್ದೆ, ಮಕರೋನಿ ಹೊಸೆದು ವಾಪಸು ಬರುತ್ತಿದ್ದೆ. ಆಗ ಹೇಳಿದ್ದರೆ ಅವಳು ಏನಾದರೂ ದಾರಿ ಹುಡುಕುತ್ತಿದ್ದಳು. ಬೇರೆ ಊರಿನಿಂದ ಹೂವಿನ ಪುಡಿ ತರಿಸುತ್ತಿದ್ದಳು, ಏನೋ ಮಾಡುತ್ತಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ. ಅದರ ಮೇಲೆ ಅವಳು ಇನ್ನೊಂದು ಸುದ್ದಿ ಹೇಳಿದಳು: ಲೊವ್ರೆ ಸೆಪ್ಟೆಂಬರಿಗೆ ಹಡಗು ಬಿಟ್ಟು ಮನೆಗೇ ಬಂದುಬಿಡುತ್ತಾನಂತೆ. ಈ ವರ್ಷದ ಗರ್ಕ್ ಚೆನ್ನಾಗಿ ಬಂದರೆ ಇಬ್ಬರೂ ಸೇರಿ ತೋಟ ನೋಡಿಕೊಳ್ಳುವುದು, ಬರದಿದ್ದರೆ ಅವನು ಮತ್ತೆ ಹಡಗಿನ ಕೆಲಸಕ್ಕೆ ಸಹಿ ಹಾಕುವುದು. ಮೂವತ್ತೆರಡು ವರ್ಷದಲ್ಲಿ ಗಂಡನ ಜತೆ ಪೂರ್ತಿ ಒಂದು ವರ್ಷ ಕಳೆದವಳಲ್ಲ ಅವಳು. ಅದನ್ನು ಹೇಳುವಾಗ ನಾಚಿಕೊಂಡು ಪಾತ್ರೆ ಒರೆಸಿದ್ದನ್ನೇ ಒರೆಸುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ಕಣ್ಣೀರಿಗೆ ನೆಪ ಇತ್ತು.

ಜೂನ್ ಮೊದಲ ವಾರ ಬಿಳಿ ಹೂವರಳಿತು. ಹೂವು ಅಂದರೆ ನೋಡುವ ಹೂವಲ್ಲ, ರಾಗಿಕಾಳಿನಷ್ಟು ಹಸಿರು ಚುಕ್ಕಿಗಳು. ಅವು ತೆರೆದಿರುವುದು ಆರೇಳು ದಿನ. ಅಷ್ಟರಲ್ಲಿ ಪುಡಿ ಬೀಳಬೇಕು, ಮಳೆ ಬೀಳಬಾರದು. ದಿಂಕಾ ಪ್ರತಿದಿನ ಬೆಳಿಗ್ಗೆ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಿದ್ದಳು. "ನಿಮ್ಮ ಕಡೆಯಿಂದಾನೇ ಬೀಸ್ತಿದೆ" ಅಂತ ನನ್ನ ಕಡೆ ನೋಡಿ ತಲೆ ಆಡಿಸುತ್ತಿದ್ದಳು. ಮೂರನೆಯ ದಿನ ರೇಡಿಯೋದಲ್ಲಿ, ನಾಳೆ ಮಧ್ಯಾಹ್ನದಿಂದ ತೆಂಕಣ ಗಾಳಿ, ಜತೆಗೆ ಮಳೆ ಅಂದರು. ರೇಡಿಯೋ ಹಾಗಂದ ದಿನವೇ ಓಸಿಯೆಕ್ ಪಟ್ಟಣದಿಂದ ನಿವೃತ್ತ ಮಾಸ್ತರರ ಗುಂಪು ಬರುವುದಿತ್ತು, ಹದಿನಾಲ್ಕು ಜನ.

ಮಾಸ್ತರರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕೂತ ಕಡೆ ಕೂರುವುದಿಲ್ಲ, ಎಲ್ಲಕ್ಕೂ ಯಾಕೆ ಅನ್ನುತ್ತಾರೆ. ಈ ಗುಂಪಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಒಬ್ಬಾಕೆ ಇದ್ದರು, ಹುಲ್ಲಿನ ಟೋಪಿ, ಕೊರಳಲ್ಲಿ ಭೂತಗನ್ನಡಿ. ಎಣ್ಣೆ ಹೀರಿ ಕೆಮ್ಮಲೇ ಇಲ್ಲ ಆಕೆ. ಬಾರ್ಬಾ ಎಂದಿನ ಹಾಗೆ ಹೆಣ್ಣು ಬಳ್ಳಿ, ಮನೆಯಳಿಯ ಅಂತ ಶುರು ಮಾಡಿದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಸುತ್ತ ಕಣ್ಣಾಡಿಸಿ, ಹಾಗಾದರೆ ಆ ಅಳಿಯ ಎಲ್ಲಿ, ಹೂವು ಹೋಲಿಸಿ ನೋಡಬೇಕು ಅಂದರು.

ದಿಂಕಾ ಆಮೇಲೆ ತೋರಿಸ್ತೀನಿ, ಮೊದಲು ವೈನ್ ಅಂದಳು. ವೈನ್ ಬಂತು. ಆಕೆ ಲೋಟ ಪಕ್ಕಕ್ಕಿಟ್ಟು ಮತ್ತೆ ಅದೇ ಕೇಳಿದರು. ದಿಂಕಾ ಗಿಣ್ಣು ತಂದಳು. ನಾನು ಊಟ ಬೇಗ ತರುತ್ತೇನೆ ಅಂತ ಓಡಿದೆ. ನಾವಿಬ್ಬರೂ ಒಂದೇ ಮೇಜಿನ ಸುತ್ತ ಬೇರೆ ಬೇರೆ ಭಯದಿಂದ ಗಿರಕಿ ಹೊಡೆಯುತ್ತಿದ್ದೆವು. ಅವಳದು ಮಾವನಿಗೆ ಗೊತ್ತಾಗುವ ಭಯ. ನನ್ನದು ಅವಳಿಗೆ ಗೊತ್ತಾಗುವ ಭಯ. ತಟ್ಟೆಗಳನ್ನು ಹಿಡಿದು ವಾಪಸು ಬರುವಷ್ಟರಲ್ಲಿ ಬಾರ್ಬಾ ಎದ್ದು ನಿಂತಿದ್ದರು. ಟೀಚರಮ್ಮನ ತೋಳು ಹಿಡಿದು, ಬನ್ನಿ, ನನ್ನ ಮಕ್ಕಳನ್ನು ನಾನೇ ತೋರಿಸುತ್ತೇನೆ ಅಂತ ಹೊರಟೇಬಿಟ್ಟರು. ದಿಂಕಾ ಬೇಡ ಮಾವ, ಮರಳು ಕಾದಿದೆ ಅಂದಳು. ಅವರು ಯಾವತ್ತು ಯಾರ ಮಾತು ಕೇಳಿದ್ದಾರೆ?

ಹತ್ತು ಹೆಜ್ಜೆಯೂ ಹೋಗಬೇಕಿರಲಿಲ್ಲ. ಅವರು ಬಗ್ಗಿ ಬಳ್ಳಿಯ ಎತ್ತರಕ್ಕೆ ಕೈ ಚಾಚಿದರು. ಕೈಗೆ ಆಲಿವ್ ಬೊಡ್ಡೆ ಸಿಕ್ಕಿತು. ಅದನ್ನು ಮೇಲಿನಿಂದ ಕೆಳಗೆ ಸವರಿದರು. ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಕೈ ಚಾಚಿದರು, ಅಲ್ಲೂ ಆಲಿವ್ ಎಲೆ.

"ಮೂರೂನಾ?" ಅಂತ ಕೇಳಿದರು.

"ಮೂರೂ ಮಾವ. ನಾನೇ ತೆಗೆಸ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ" ಅಂದಳು ದಿಂಕಾ.

ಬಯ್ಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೊಡ್ಡೆಯ ಮೇಲೆ ಕೈಯಿಟ್ಟರು. ಆಮೇಲೆ, ಮುದಿಯಾಗಿದ್ದವು ಬಿಡು, ನನ್ನ ಹಾಗೆ ಅಂದರು. ಟೀಚರಮ್ಮನಿಗೆ ಹೆದರಬೇಡಿ, ಪಕ್ಕದಲ್ಲೇ ನಮ್ಮ ನೀಕಾಳ ಕರಿ ಇದೆ, ಅದು ಸಾಕು, ಅಂತ ಅವರೇ ಸಮಾಧಾನ ಹೇಳಿದರು. ದಿಂಕಾ ಅದನ್ನೇ ನಂಬಿ ಮಾಡಿದ್ದು ಮಾವ ಅಂತ ಉಸಿರು ಬಿಟ್ಟಳು. ಐದು ತಿಂಗಳ ಹೊರೆ ಇಳಿಸಿದವಳ ಮುಖ ಅದು. ಆಗ ಬಾರ್ಬಾ ನಾನಿದ್ದ ಕಡೆಗೆ ತಿರುಗಿದರು. ತಟ್ಟೆಗಳ ಸದ್ದಿನಿಂದ ಗೊತ್ತಾಗಿರಬೇಕು.

"ನೀಕಾ, ನಿಮ್ಮ ಕರಿ ಹೂಬಿಟ್ಟಿದೆ ಅಲ್ವಾ?"

ಹೌದು ಅಂತ ಒಂದು ಮಾತು ಅಂದಿದ್ದರೆ ಆ ಹೊತ್ತು ದಾಟುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ದಿಂಕಾಳ ಮುಖ ನೋಡಿದೆ, ಆಗಲಿಲ್ಲ.

"ಇಲ್ಲ ಬಾರ್ಬಾ. ಕಸಿ ಹಾಕ್ಸಿಬಿಟ್ವಿ. ಎರಡೂ ಸಾಲು ಈಗ ಬಿಳಿ."

ದಿಂಕಾ ಕೈಯಲ್ಲಿದ್ದ ಹೂಜಿಯನ್ನು ಮೇಜಿನ ಮೇಲೆ ಇಟ್ಟಳು.

"ಯಾವಾಗ?"

"ಏಪ್ರಿಲ್‌ನಲ್ಲಿ."

"ಈಗ ಜೂನು" ಅಂದಳು. ಆಮೇಲೆ ನನ್ನ ಕಡೆ ನೋಡಲಿಲ್ಲ.

ಆಮೇಲೆ ಎಲ್ಲ ಗಡಿಬಿಡಿ. ದಿಂಕಾ ನೆರೆಹೊರೆಗೆ ಫೋನು ಮಾಡಿದಳು. ನಾನೂ ನಾಚಿಕೆ ಬಿಟ್ಟು ಮಾಡಿದೆ. ಆಚೆಯ ತೋಟದವರು ಕರಿ ಕಿತ್ತು ನಾಲ್ಕು ವರ್ಷವಾಗಿತ್ತು, ನಿಮ್ಮಲ್ಲಿ ಇದೆಯಲ್ಲ ಅಂತ ಅಂದರು. ಅವರಾಚೆಯವರು, ಇವರಲ್ಲಿದೆ ಅಂತ ಹೋದ ವರ್ಷ ಕಿತ್ತಿದ್ದರು. ಎಲ್ಲರೂ ಪಕ್ಕದವರನ್ನು ನಂಬಿಕೊಂಡಿದ್ದರು, ಕೇಳಿದವರು ಒಬ್ಬರೂ ಇಲ್ಲ. ಸಮುದ್ರದಂಚಿನ ತೋಟಗಳಲ್ಲಿ ಕರಿ ಇತ್ತು, ಆದರೆ ಅಲ್ಲಿ ಹೂ ಉದುರಿ ಮುಗಿದಿತ್ತು. ಮೇಲಿನ ಕೆಂಪುಮಣ್ಣಿನಲ್ಲೂ ಇತ್ತು, ಅಲ್ಲಿ ಅರಳಲು ಇನ್ನೂ ಹತ್ತು ದಿನ. ಇತ್ತ ಆಕಾಶದ ತೆಂಕಣ ಮೂಲೆ ಆಗಲೇ ಹಾಲುಬಣ್ಣಕ್ಕೆ ತಿರುಗುತ್ತಿತ್ತು. ಮಾಸ್ತರರು ಊಟ ಬಿಟ್ಟು, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು.

ಬಾರ್ಬಾ ಮಾತ್ರ ಕೂತು ಯೋಚಿಸುತ್ತಿದ್ದರು. ಕಸಿ ಹಾಕಿದ ಮೇಲೆ ಬುಡದಲ್ಲಿ ಬರುವ ಚಿಗುರನ್ನು ರೋಕೊ ಸವರಿದ್ದಾನಾ ಅಂತ ನನ್ನನ್ನು ಕೇಳಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಕಸಿಯ ಕೆಳಗಿನ ಬೊಡ್ಡೆ ಹಳೆಯ ಕರಿಯದ್ದೇ. ಅಲ್ಲಿಂದ ಒಡೆಯುವ ಚಿಗುರೂ ಕರಿಯದ್ದೇ. ಕೆಲಸ ಗೊತ್ತಿದ್ದವನು ಅದನ್ನು ವಾರಕ್ಕೊಮ್ಮೆ ಸವರಿ ಹಾಕುತ್ತಾನೆ. "ನನ್ನ ಗಂಡ ಯಾವತ್ತು ಏನ್ ಸವರಿದಾನೆ ಬಾರ್ಬಾ, ಗಡ್ಡಾನೇ ಹದಿನೈದು ದಿನಕ್ಕೊಂದ್ಸಲ" ಅಂದೆ.

ಜೊಂಡಿನ ತಟ್ಟಿಯನ್ನು ದಿಂಕಾ ಕೈಯಿಂದಲೇ ಕಿತ್ತು ದಾರಿ ಮಾಡಿದಳು. ನಮ್ಮ ಎರಡು ಸಾಲಿನ ಬುಡ ಪೊದೆಯಾಗಿತ್ತು. ಬೇರೆ ದಿನವಾಗಿದ್ದರೆ ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಪೊದೆಯೊಳಗೆ ಕೈ ಹಾಕಿ ನೋಡಿದರೆ ಐದಾರು ಚಿಗುರಿಗೊಂದರಂತೆ ಹೂಗೊಂಚಲು. ಬಡಕಲು, ಆದರೆ ಅರಳಿದ್ದವು. ಟೀಚರಮ್ಮ ಮಂಡಿಯೂರಿ ಭೂತಗನ್ನಡಿ ಹಿಡಿದು, ಪುಡಿ ಇದೆ ಅಂದರು. ಕೊಯ್ದದ್ದನ್ನೆಲ್ಲ ರೊಟ್ಟಿಯ ಬುಟ್ಟಿಗಳಿಗೆ ಹಾಕಿದೆವು. ನಾಲ್ಕು ಬುಟ್ಟಿಯೂ ತುಂಬಲಿಲ್ಲ.

ನಮ್ಮಲ್ಲೂ ಹದಿನಾಲ್ಕು ಹಳೆಯ ಬಿಳಿ ಸಾಲು ಇದೆ. ಅವಕ್ಕೂ ಬೇರೆ ದಿಕ್ಕಿಲ್ಲ. ಸದ್ದು ಕೇಳಿ ಎದ್ದುಬಂದ ರೋಕೊ, ನಮಗೆ ಅರ್ಧ ಇಟ್ಟುಕೊಳ್ಳೋಣ ಅಂತ ನನ್ನ ಕಿವಿಯಲ್ಲಿ ಅಂದ. ಅವನು ಹೇಳಿದ್ದು ತಪ್ಪಲ್ಲ, ಹೂವು ನಮ್ಮದೇ. ನಾನು ನಾಲ್ಕೂ ಬುಟ್ಟಿ ಎತ್ತಿ ದಿಂಕಾಳ ಮುಂದಿಟ್ಟು, ಎಲ್ಲ ನಿನ್ನ ತೋಟಕ್ಕೆ ಅಂದೆ. ಅವಳು ತೆಗೆದುಕೊಂಡಳು. ಮುಖ ಎತ್ತಿ ನೋಡಲಿಲ್ಲ. ನನಗೆ ಸಿಟ್ಟು ಬಂತು, ಸಿಟ್ಟು ಬರುವುದಕ್ಕೆ ಹಕ್ಕಿಲ್ಲ ಅಂತಲೂ ಗೊತ್ತಾಯಿತು.

ಹದಿನಾಲ್ಕು ಮಾಸ್ತರರೂ ಅಂದು ಮಧ್ಯಾಹ್ನ ಕೂಲಿ ಮಾಡಿದರು. ಕೈಯಲ್ಲಿ ಒಂದೊಂದು ಕರಿ ಗೊಂಚಲು, ಅದನ್ನು ಬಿಳಿ ಗೊಂಚಲಿನ ಮೇಲೆ ಹಿಡಿದು ಬೆರಳಲ್ಲಿ ತಟ್ಟುವುದು, ಮುಂದಿನ ಗೊಂಚಲಿಗೆ ಹೋಗುವುದು. ಟೀಚರಮ್ಮ ಎಲ್ಲರನ್ನೂ ತರಗತಿಯ ಹಾಗೆ ಸಾಲಿನಲ್ಲಿ ನಿಲ್ಲಿಸಿದ್ದರು. ಬಾರ್ಬಾ ಕೂತಲ್ಲಿಂದಲೇ, ಮೆಲ್ಲಗೆ, ಮೆಲ್ಲಗೆ, ಸೊಳ್ಳೆ ಹೊಡೆಯೋ ಹಾಗಲ್ಲ ಅಂತ ಹೇಳುತ್ತಿದ್ದರು. ಸಂಜೆ ದೋಣಿಯ ಹೊತ್ತಾಗಿ ಅವರು ಹೊರಟಾಗ ಒಂಬತ್ತು ಸಾಲು ಮುಗಿದಿತ್ತು. ಬುಟ್ಟಿಗಳ ತಳದಲ್ಲಿ ಇನ್ನೂ ಸ್ವಲ್ಪ ಹೂವು ಉಳಿದಿತ್ತು. ನಾಳೆ ಬೆಳಿಗ್ಗೆ ಬಂದು ಕೈಜೋಡಿಸಲಾ ಅಂತ ಕೇಳಿದೆ. "ಬೇಡ" ಅಂದಳು ದಿಂಕಾ.

ಮರುದಿನ ಭಾನುವಾರ. ನಾನು ಚರ್ಚಿಗೆ ಹೋಗಿ ನೋಯುವ ತನಕ ಮಂಡಿಯೂರಿ ಕೂತೆ. ಹೊರಗೆ ಬರುವಷ್ಟರಲ್ಲಿ ಗಾಳಿ ತಿರುಗಿತ್ತು, ಮಧ್ಯಾಹ್ನಕ್ಕೆ ಮಳೆ 'ಧೋ' ಎಂದು ಸುರಿಯಿತು. ಮೂರು ದಿನ ಬಿಡಲಿಲ್ಲ. ಅದು ನಿಂತಾಗ ಹೂವಿನ ಕಾಲ ಮುಗಿದಿತ್ತು.

ಅಡುಗೆಗೆ ಬರಬೇಡ ಅಂತ ದಿಂಕಾ ಹೇಳಿಕಳಿಸಲಿಲ್ಲ, ಬಾ ಅಂತಲೂ ಹೇಳಲಿಲ್ಲ. ನನಗೂ ಹೋಗಲು ಕಾಲು ಬರಲಿಲ್ಲ. ತಟ್ಟಿಯ ಕಂಡಿಯಿಂದ ನೋಡಿದರೆ ಬಂದವರಿಗೆ ಬರೀ ರೊಟ್ಟಿ, ಗಿಣ್ಣು ಬಡಿಸುತ್ತಿದ್ದಳು. ಅಂಗಡಿಯಲ್ಲಿ ಎದುರಾದರೆ ಉಪ್ಪಿನ ಪೊಟ್ಟಣ ಓದುತ್ತಾ ನಿಂತುಬಿಡುತ್ತಿದ್ದಳು. ಅವಳ ಒಂಬತ್ತು ಸಾಲು ಕಾಯಿ ಕಟ್ಟಿತೋ ಇಲ್ಲವೋ ಅಂತ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ನಮ್ಮದರ ಆಸೆ ಬಿಟ್ಟಿದ್ದೆ. ಅದಕ್ಕೇ ಆ ಕಡೆ ತಲೆ ಹಾಕಿರಲಿಲ್ಲ.

ಜೂನ್ ಕೊನೆಯಲ್ಲಿ ಗಂಧಕದ ಪುಡಿ ಎರಚಲು ಹೋದ ರೋಕೊ ಓಡಿಕೊಂಡು ಬಂದ. ರೋಕೊ ಓಡುವುದು ಅಂದರೆ ಬೆಂಕಿ ಬಿದ್ದಿರಬೇಕು ಅಂದುಕೊಂಡೆ. ಹೋಗಿ ನೋಡಿದರೆ ನಮ್ಮ ಹಳೆಯ ಬಿಳಿಯಲ್ಲಿ, ತಟ್ಟಿಯ ಹತ್ತಿರದ ನಾಲ್ಕು ಸಾಲು ತುಂಬಿ ನಿಂತಿದ್ದವು, ಬಟಾಣಿಯಂಥ ಕಾಯಿ. ಐದನೆಯ ಸಾಲಿನಿಂದ ಆಚೆ ಗೊಂಚಲೆಲ್ಲ ಬರೀ ಕಡ್ಡಿ, ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟರ ಜೊಳ್ಳು. ನಾಲ್ಕು ಸಾಲು, ಗೆರೆ ಎಳೆದ ಹಾಗೆ. ಗಾಳಿ ಹಾಗೆ ಎಣಿಸಿಕೊಂಡು ಬೀಸುವುದಿಲ್ಲ.

ಕಂಡಿಯ ಮೂಲಕ ದಿಂಕಾಳ ತೋಟಕ್ಕೆ ನುಗ್ಗಿದೆ. ಒಂಬತ್ತು ಸಾಲು ತುಂಬಿದ್ದವು. ಹತ್ತನೆಯದರಿಂದ ಬರಿದು. ಹನ್ನೊಂದು, ಹನ್ನೆರಡು, ಆಲಿವ್ ಮರದಾಚೆಯವೂ ಎಲ್ಲ ಬರಿದು. ಬುಟ್ಟಿಯ ತಳದಲ್ಲಿ ಉಳಿದಿದ್ದ ಹೂವನ್ನು ತನ್ನ ಬಳ್ಳಿಗೇ ತಟ್ಟಿದ್ದರೆ ಅವಳು ಹದಿಮೂರು ಸಾಲು ಉಳಿಸಿಕೊಳ್ಳಬಹುದಿತ್ತು.

ಅವಳು ನೆಲಮಾಳಿಗೆಯ ಬಾಗಿಲಲ್ಲಿ ಪೀಪಾಯಿ ತೊಳೆಯುತ್ತಿದ್ದಳು. ನಮ್ಮದು ನಾಲ್ಕು ಸಾಲು ಕಾಯಿ ಕಟ್ಟಿದೆ ಅಂದೆ. ತೆಂಕಣ ಗಾಳಿ ತಂದಿರಬೇಕು ಅಂದಳು, ಬಗ್ಗಿದವಳು ಏಳಲಿಲ್ಲ. ಮಳೆಯ ನಡುವೆಯಾ ಅಂತ ಕೇಳಿದೆ. ಅವಳು ಇನ್ನೂ ಜೋರಾಗಿ ಉಜ್ಜಿದಳು. ನನಗೆ ಅಳು ತಡೆಯಲಾಗಲಿಲ್ಲ, ಹೆದರಿದ್ದೆ ದಿಂಕಾ, ನಿನ್ನ ಎದುರು ಬಾಯಿ ಬಿಡೋಕೆ ಹೆದರಿದ್ದೆ ಅಂತ ಒದರಿದೆ.

ಅವಳು ಬ್ರಷ್ ಕೆಳಗಿಟ್ಟಳು. "ನಾನು ಹೆದರಿರ್ಲಿಲ್ವಾ? ಐದು ತಿಂಗಳು ಮಾವನ ಎದುರಿಗೆ ದಿನಾ ಹೆದರ್ಕೊಂಡೇ ಅನ್ನ ತಿಂದೆ. ಹೆದರಿದ್ದು ತಪ್ಪಲ್ಲ ನೀಕಾ. ಮೇ ತಿಂಗಳಲ್ಲಿ ಒಂದೇ ಒಂದು ಮಾತು ಹೇಳಿದ್ರೆ ಇಬ್ರೂ ಕೂತು ಹೆದರ್ಬಹುದಿತ್ತು."

ಲೊವ್ರೆ ಏನಂದ ಅಂತ ಕೇಳಿದೆ. ಫೋನಿನಲ್ಲಿ ಹೇಳಿದ್ದಳಂತೆ. ಅವನು ಇನ್ನೊಂದು ಸಲ ಸಹಿ ಹಾಕುತ್ತೇನೆ ಅಂದನಂತೆ. ಅವಳು ಅದನ್ನು ಹಾಲು ಒಡೆಯಿತು ಅನ್ನುವ ಹಾಗೆ ಹೇಳಿದಳು. ಮತ್ತೆ ಯಾಕೆ ನಮಗೆ ನಾಲ್ಕು ಸಾಲು ಕೊಟ್ಟೆ ಅಂದೆ.

"ಒಂಬತ್ತಾದ್ರೂ ಹದಿಮೂರಾದ್ರೂ ಅವನು ಹಡಗು ಹತ್ಲೇಬೇಕಿತ್ತು. ನಾನಂತೂ ಮುಳುಗಿದೆ. ನೀನೂ ಯಾಕೆ ಅಂತ."

ನಾನು ಜೋರಾಗಿ ಅತ್ತೆ. ಅಳೋದಿದ್ರೆ ಹೊರಗೆ ಹೋಗಿ ಅಳು, ಪೀಪಾಯಿಗೆ ಉಪ್ಪು ಬೀಳುತ್ತೆ ಅಂದಳು. ನಾನು ಹೊರಟೆ. ತಟ್ಟಿಯ ತನಕ ಬಂದಿದ್ದೆ, ಹಿಂದಿನಿಂದ ಅವಳ ದನಿ ಕೇಳಿಸಿತು.

"ಸೋಮವಾರ ಇಪ್ಪತ್ತು ಜನ ಬರ್ತಾರೆ. ಮಕರೋನಿ ಹೊಸೆಯೋಕೆ ಬಾ. ಮಾತಾಡಿಸ್ಬೇಡ ಮಾತ್ರ, ನನ್ನ ಕೋಪ ಇನ್ನೂ ಇಳಿದಿಲ್ಲ."

ಸೋಮವಾರ ಏಳಕ್ಕೇ ಹೋದೆ. ಅವಳು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮೇಜಿನ ಮೇಲೆ ಹಿಟ್ಟು ನಾದಿಟ್ಟು ಒದ್ದೆ ಬಟ್ಟೆ ಮುಚ್ಚಿತ್ತು. ಒಂಬತ್ತು ವರ್ಷದಲ್ಲಿ ಅವಳು ನನಗೆ ಹಿಟ್ಟು ನಾದಿಟ್ಟಿದ್ದು ಅದೇ ಮೊದಲು, ಉಪ್ಪು ಹಾಕುವುದನ್ನು ಮರೆತಿದ್ದಳು. ಹಾಗೇ ಹೊಸೆದೆ.